ಮನೆಯ ಶೆಡ್ಡಲ್ಲೇ ಲೇತ್ ಇಟ್ಟು ಹಳೆ ಪದ್ಮಿನಿಗೆ ಬುಷ್ ಮಾಡಿಕೊಳ್ಳಬಹುದಾ?

ಹಳೆಪದ್ಮಿನಿ_ಮೈಸೂರು

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ 1986ರ ಪ್ರೀಮಿಯರ್ ಪದ್ಮಿನಿ ಇದೆ. ಅಪ್ಪ ತೆಗೆದುಕೊಂಡ ಗಾಡಿ. ಈಗ ಅವರು ಹೆಚ್ಚು ಓಡಿಸುವುದಿಲ್ಲ. ಆದರೂ ಭಾನುವಾರ ಬೆಳಿಗ್ಗೆ ಒಂದು ಸಲ ಬಾನೆಟ್ ಎತ್ತಿ ನೋಡದಿದ್ದರೆ ಅವರಿಗೆ ಸಮಾಧಾನ ಆಗುವುದಿಲ್ಲ.

1089 ಸಿಸಿ ಇಂಜಿನ್ ಇನ್ನೂ ಗಟ್ಟಿಯಾಗಿದೆ. ತೊಂದರೆ ಇರುವುದು ಗೇರ್‌ನಲ್ಲಿ. ಸ್ಟೀರಿಂಗ್ ಪಕ್ಕದ ಲಿವರ್ ಪಾತ್ರೆಯಲ್ಲಿಟ್ಟ ಸೌಟಿನ ಹಾಗೆ ಅಲ್ಲಾಡುತ್ತದೆ. ಎರಡನೇ ಗೇರ್ ಹುಡುಕಬೇಕು. ಕೆಲವು ಸಲ ಸಿಗುತ್ತದೆ, ಕೆಲವು ಸಲ ನಡುವೆ ಸಿಕ್ಕಿಕೊಳ್ಳುತ್ತದೆ. ಸಿಗ್ನಲ್‌ನಲ್ಲಿ ಹಿಂದಿನವರು ಹಾರ್ನ್ ಹೊಡೆಯುತ್ತಿರುತ್ತಾರೆ.

ಗಾಡಿ ಕೆಳಗೆ ಮಲಗಿ ನೋಡಿದೆ. ಲಿವರ್‌ನಿಂದ ಗೇರ್‌ಬಾಕ್ಸ್‌ವರೆಗೆ ಹೋಗುವ ರಾಡ್‌ಗಳ ಜಾಯಿಂಟ್‌ಗಳಲ್ಲಿ ಬುಷ್ (ತೂತಿಗೂ ಪಿನ್‌ಗೂ ನಡುವೆ ಕೂರುವ ಚಿಕ್ಕ ಕೊಳವೆ) ಪೂರ್ತಿ ಸವೆದಿದೆ. ಬೆಂಗಳೂರಿಗೆ ಹೋದಾಗ ಜೆ.ಸಿ. ರಸ್ತೆಯಲ್ಲಿ ಹುಡುಕಿ ಎರಡು ಸೆಟ್ ತಂದೆ. ಒಂದು ಸೆಟ್ ಎರಡು ತಿಂಗಳಿಗೇ ಹೋಯಿತು. ಇನ್ನೊಂದು ಕೂರಲೇ ಇಲ್ಲ.

ಹಿತ್ತಲಲ್ಲಿ 10×12 ಅಡಿಯ ಶೆಡ್ ಖಾಲಿ ಇದೆ. ಒಂದು ಲೇತ್ (ಲೋಹದ ತುಂಡನ್ನು ತಿರುಗಿಸುತ್ತಾ ಕಟ್ ಮಾಡುವ ಮಷಿನ್) ತೆಗೆದುಕೊಂಡು ಇಂಥ ಪಾರ್ಟ್‌ಗಳನ್ನು ನಾನೇ ಮಾಡಿಕೊಳ್ಳಬೇಕು ಅಂತ ಆಸೆ. ಓದಿದ್ದು ಡಿಪ್ಲೊಮಾ ಮೆಕ್ಯಾನಿಕಲ್. ಆದರೆ ಲೇತ್ ಮುಟ್ಟಿ ಹದಿನೈದು ವರ್ಷ ಆಯಿತು. ಯಾವ ಲೇತ್ ತೆಗೆದುಕೊಳ್ಳಲಿ? ಬುಷ್‌ಗೆ ಯಾವ ಮೆಟೀರಿಯಲ್? ಗೊತ್ತಿರುವವರು ದಯವಿಟ್ಟು ಹೇಳಿ.

ಪೀಣ್ಯ_ಫಿಟ್ಟರ್

ಒಳ್ಳೆ ಯೋಚನೆ. ಲೇತ್ ವಿಷಯ ಮೊದಲು ಹೇಳುತ್ತೇನೆ.

ಟೇಬಲ್ ಮೇಲೆ ಇಡುವ ಚಿಕ್ಕ ಲೇತ್‌ಗಳು ಸಿಗುತ್ತವೆ. ಮನೆಯ ಕರೆಂಟಿಗೇ ಓಡುತ್ತವೆ, ಇಬ್ಬರು ಸೇರಿದರೆ ಎತ್ತಬಹುದು. ಬುಷ್, ಪಿನ್, ಸ್ಪೇಸರ್‌ಗೆ ಸಾಕು. ಆದರೆ ಸ್ಟೀಲ್ ಮೇಲೆ ಸ್ವಲ್ಪ ಜಾಸ್ತಿ ಕಟ್ ಕೊಟ್ಟರೆ ಮಷಿನ್ ನಡುಗಿ ಕಿರುಚುತ್ತದೆ. ಜಾಬ್ (ಕಟ್ ಮಾಡುವ ತುಂಡು) ಮೇಲೆ ಅಲೆ ಅಲೆ ಗುರುತು ಬೀಳುತ್ತದೆ. ಅದಕ್ಕೆ ತೂಕವೇ ಇಲ್ಲ, ಅದೇ ಕಾರಣ.

ಜಾಗ ಇದ್ದರೆ ಹಳೆಯ 4.5 ಅಡಿ ಲೇತ್ ನೋಡಿ. ನೆಲಕ್ಕೆ ಒಳ್ಳೆ ಕಾಂಕ್ರೀಟ್ ಹಾಕಿಸಿ. ಕೊಳ್ಳುವಾಗ ಪೇಂಟ್ ನೋಡಬೇಡಿ, ಬೆಡ್ ನೋಡಿ, ಅಂದರೆ ಕ್ಯಾರೇಜ್ ಜಾರುವ ಉದ್ದದ ಹಳಿ. ಜಾಬ್ ಹಿಡಿಯುವ ಚಕ್ ಹತ್ತಿರವೇ ಜಾಸ್ತಿ ಕೆಲಸ ನಡೆದಿರುವುದರಿಂದ ಅಲ್ಲೇ ಜಾಸ್ತಿ ಸವೆದಿರುತ್ತದೆ. ಟೂಲ್ ಕೂರುವ ಕ್ಯಾರೇಜನ್ನು ಚಕ್ ಪಕ್ಕ ತಂದು, ಲಾಕನ್ನು ಸ್ವಲ್ಪ ಹಿಡಿತ ಬರುವಷ್ಟು ಬಿಗಿ ಮಾಡಿ. ಆಮೇಲೆ ಇನ್ನೊಂದು ತುದಿಯ ಟೇಲ್‌ಸ್ಟಾಕ್ ಕಡೆಗೆ ತಿರುಗಿಸಿಕೊಂಡು ಹೋಗಿ. ಹೋಗುತ್ತಾ ಹೋಗುತ್ತಾ ತೀರಾ ಬಿಗಿಯಾದರೆ ಚಕ್ ಹತ್ತಿರ ಬೆಡ್ ತಗ್ಗಿದೆ ಅಂತಲೇ ಅರ್ಥ.

ಇನ್ನು ಕರೆಂಟು. ಹಳೆ ಲೇತ್‌ಗಳಿಗೆ ತ್ರೀ ಫೇಸ್ ಮೋಟಾರ್ ಇರುತ್ತದೆ. ಮನೆಯಲ್ಲಿ ಸಿಂಗಲ್ ಫೇಸ್ ಇದ್ದರೆ ವಿಎಫ್‌ಡಿ ಹಾಕಿ. ಒಳಗೆ ಸಿಂಗಲ್ ಫೇಸ್ 230 ವೋಲ್ಟ್ ಹೋಗುತ್ತದೆ, ಹೊರಗೆ ತ್ರೀ ಫೇಸ್ 230 ವೋಲ್ಟ್ ಬರುತ್ತದೆ. ಇಲ್ಲಿ ಎಷ್ಟೋ ಜನ ಎಡವುತ್ತಾರೆ. ಮೋಟಾರ್ ಸ್ಟಾರ್ ಕನೆಕ್ಷನ್‌ನಲ್ಲಿ 415 ವೋಲ್ಟ್‌ಗೆ ಇದ್ದರೆ 230ರಲ್ಲಿ ಶಕ್ತಿಯೇ ಬರುವುದಿಲ್ಲ. ನೇಮ್‌ಪ್ಲೇಟ್ ಓದಿ. ಡೆಲ್ಟಾಗೆ (ವೈಂಡಿಂಗ್ ಜೋಡಿಸುವ ಇನ್ನೊಂದು ರೀತಿ) ಬದಲಾಯಿಸಲು ಆರೂ ವೈರ್ ಹೊರಗೆ ಬಂದಿವೆಯಾ ನೋಡಿ. ಇಲ್ಲದಿದ್ದರೆ ವೈಂಡಿಂಗ್ ಮಾಡುವವರಿಗೆ ಕೊಟ್ಟು ಹೊರಗೆ ತೆಗೆಸಿ. ಅರ್ತಿಂಗ್ ಬಗ್ಗೆ ಮಾತ್ರ ಯಾವ ರಾಜಿಯೂ ಬೇಡ.

ಹರಿಹರದ_ಟರ್ನರ್

ತಮ್ಮ, ನಾನು ಮೂವತ್ತೆರಡು ವರ್ಷ ಲೇತ್ ಮುಂದೆ ನಿಂತವನು. ಈಗ ರಿಟೈರ್ ಆಗಿದ್ದೇನೆ. ನಮ್ಮ ಊರಿನಲ್ಲಿ 1941ರಲ್ಲೇ ಮೈಸೂರು ಕಿರ್ಲೋಸ್ಕರ್ ಶುರುವಾಗಿ ಲೇತ್ ಮಾಡುತ್ತಿದ್ದರು. ಬೆಂಗಳೂರಿನಲ್ಲಿ ಎಚ್‌ಎಂಟಿ ಬಂದಿದ್ದು 1953ರಲ್ಲಿ. ಈ ಎರಡರ ಹಳೆ ಮಷಿನ್‌ಗಳು ಇವತ್ತಿಗೂ ಎಷ್ಟೋ ವರ್ಕ್‌ಶಾಪ್‌ಗಳಲ್ಲಿ ಓಡುತ್ತಿವೆ. ಚೆನ್ನಾಗಿ ಇಟ್ಟುಕೊಂಡಿದ್ದು ಸಿಕ್ಕರೆ ಬಿಡಬೇಡಿ.

ಆದರೆ ಲೇತ್‌ಗಿಂತ ಮೊದಲು ಮೈಕ್ರೋಮೀಟರ್ ತೆಗೆದುಕೊಳ್ಳಿ. 0–25 ಮಿ.ಮೀ.ದು ಒಂದು. ಒಳಗಿನ ಅಳತೆಗೆ ಬೋರ್ ಗೇಜ್ ಅಥವಾ ಟೆಲಿಸ್ಕೋಪಿಕ್ ಗೇಜ್ ಒಂದು. ವರ್ನಿಯರ್‌ನಲ್ಲಿ ಬುಷ್ ಒಳಗಿನ ಅಳತೆ ತೆಗೆದು ಕೆಲಸ ಮಾಡಿದರೆ ಒಂದಲ್ಲ ಒಂದು ದಿನ ಪಶ್ಚಾತ್ತಾಪ ಆಗುತ್ತದೆ. ಕಟ್ ಮಾಡುವುದನ್ನು ಒಂದು ತಿಂಗಳಲ್ಲಿ ಕಲಿಯಬಹುದು. ಅಳತೆ ಹಿಡಿಯುವ ಕೈ ಬರಲು ಟೈಮ್ ಬೇಕು.

ಒಂದು ಪ್ರಶ್ನೆ ಕೇಳುತ್ತೇನೆ. ಬುಷ್ ಸವೆದಿದೆ ಅಂದಿರಿ. ಅದರೊಳಗೆ ಆಡುವ ಪಿನ್ ಅಳೆದಿರಾ?

ಹಳೆಪದ್ಮಿನಿ_ಮೈಸೂರು

ಇಲ್ಲ ಸರ್, ಪಿನ್ ಅಳೆದಿರಲಿಲ್ಲ. ನೀವು ಕೇಳಿದ ಮೇಲೆ ಗೆಳೆಯನ ಹತ್ತಿರ ಮೈಕ್ರೋಮೀಟರ್ ತಂದು ಅಳೆದೆ. ಸವೆಯದ ಕಡೆ 11.98. ಬುಷ್ ಕೂರುವ ಜಾಗದಲ್ಲಿ ಒಂದು ಕಡೆಯಿಂದ 11.86, ತೊಂಬತ್ತು ಡಿಗ್ರಿ ತಿರುಗಿಸಿ ಹಿಡಿದರೆ 11.71. ಲಿವರ್‌ನ ತೂತು ಮಾತ್ರ 18.02ರಿಂದ 18.03 ಒಳಗೇ ಇದೆ.

ಹರಿಹರದ_ಟರ್ನರ್

ನೋಡಿದಿರಾ? ಪಿನ್ ಮೊಟ್ಟೆ ಆಕಾರಕ್ಕೆ ಬಂದಿದೆ. ಇದಕ್ಕೆ ಎಂಥ ಬುಷ್ ಮಾಡಿದರೂ ಪ್ರಯೋಜನ ಇಲ್ಲ. 11.86ಕ್ಕೆ ಸರಿಯಾಗಿ ಬೋರ್ ಮಾಡಿದರೆ ಇನ್ನೊಂದು ಕಡೆ 0.15 ಆಟ ಉಳಿಯುತ್ತದೆ. ನಾಲ್ಕು ಜಾಯಿಂಟ್ ಇದ್ದರೆ ಆ ಆಟ ಎಲ್ಲಾ ಕೂಡಿಕೊಂಡು ನಿಮ್ಮ ಕೈಯಲ್ಲಿ ಇಂಚು ಲೆಕ್ಕದಲ್ಲಿ ಕಾಣುತ್ತದೆ. ಅಂಗಡಿಯ ಬುಷ್ ಎರಡು ತಿಂಗಳಿಗೆ ಹೋಗಿದ್ದಕ್ಕೆ ಬುಷ್ ಒಂದೇ ಕಾರಣ ಅಲ್ಲ. ಮೊಟ್ಟೆಯಾದ ಪಿನ್ ಅದನ್ನು ಅಗೆದು ಹಾಕಿದೆ.

ಪಿನ್ ಮೊದಲು, ಬುಷ್ ಆಮೇಲೆ. ಪಿನ್ ಇಎನ್8ನಲ್ಲಿ (ಮೈಲ್ಡ್ ಸ್ಟೀಲ್‌ಗಿಂತ ಗಟ್ಟಿ ಸ್ಟೀಲ್) ಮಾಡಿ, 11.98 ಇಡಿ. ಮೈಲ್ಡ್ ಸ್ಟೀಲ್ ಬೇಡ, ಬೇಗ ಸವೆಯುತ್ತದೆ.

ಉಡುಪಿ_ಗೇರ್

ಮೆಟೀರಿಯಲ್ ಬಗ್ಗೆ ನನ್ನ ಅನುಭವ ಹೇಳುತ್ತೇನೆ, ಯಾಕೆಂದರೆ ನಾನು ತಪ್ಪು ಮಾಡಿ ಕಲಿತಿದ್ದು. ನನ್ನದು ಅಂಬಾಸಿಡರ್. ಲಿಂಕೇಜ್ ಬುಷ್‌ಗಳನ್ನು ನೈಲಾನ್ ರಾಡ್‌ನಲ್ಲಿ ಮಾಡಿದೆ. ಮಾರ್ಚ್ ತಿಂಗಳು. ಫಿಟ್ಟಿಂಗ್ ಬೆಣ್ಣೆ ಹಾಗೆ ಇತ್ತು. 0.03 ಗ್ಯಾಪ್ ಬಿಟ್ಟಿದ್ದೆ. ತುಂಬಾ ಖುಷಿಯಾಗಿತ್ತು.

ಜುಲೈ ಬಂತು. ನಮ್ಮ ಕಡೆಯ ಮಳೆ ನಿಮಗೆ ಗೊತ್ತಲ್ವಾ, ಗೋಡೆಯೇ ಬೆವರುತ್ತದೆ. ಗೇರ್ ಲಿವರ್ ದಿನದಿಂದ ದಿನಕ್ಕೆ ಬಿಗಿಯಾಯಿತು. ಕೊನೆಗೆ ಒಂದು ಬೆಳಿಗ್ಗೆ ರಿವರ್ಸ್‌ನಿಂದ ಹೊರಗೆ ಬರಲೇ ಇಲ್ಲ. ಬಿಚ್ಚಿ ನೋಡಿದರೆ ಬುಷ್ ಊದಿ ಪಿನ್ನನ್ನು ಕಚ್ಚಿ ಹಿಡಿದಿತ್ತು. ನೈಲಾನ್ ನೀರು ಕುಡಿಯುತ್ತದೆ. ಪೂರ್ತಿ ನೆನೆದರೆ ನೈಲಾನ್-6 ತನ್ನ ತೂಕದ ಶೇ. 9ರಷ್ಟು ನೀರು ಹೀರುತ್ತದೆ. ಹೀರಿದ ಮೇಲೆ ಅಳತೆ ಬದಲಾಗಲೇಬೇಕು. ಹೊರಗಡೆ ಸ್ಟೀಲ್ ತೂತು ಬಿಗಿಯಾಗಿ ಹಿಡಿದಿರುವುದರಿಂದ ಅದು ಊದುವುದು ಒಳಗೇ.

ಈಗ ಡೆಲ್ರಿನ್ ಅನ್ನುವ ಪ್ಲಾಸ್ಟಿಕ್ ಹಾಕಿದ್ದೇನೆ. ನೋಡಲು ನೈಲಾನ್ ಹಾಗೇ ಇರುತ್ತದೆ, ಆದರೆ ನೀರು ಹೀರುವುದು ತುಂಬಾ ಕಡಿಮೆ. ಮೂರು ಮಳೆಗಾಲ ಆಯಿತು, ಏನೂ ತೊಂದರೆ ಇಲ್ಲ. ಕೊಳ್ಳುವಾಗ ಎರಡನ್ನೂ ಬಿಳಿ ರಾಡ್ ಅಂತ ಒಟ್ಟಿಗೆ ಇಟ್ಟಿರುತ್ತಾರೆ, ಕೇಳಿ ತೆಗೆದುಕೊಳ್ಳಿ. ಚಿಕ್ಕ ಚೂರು ನೀರಿನಲ್ಲಿ ಹಾಕಿದರೆ ಎರಡೂ ಮುಳುಗುತ್ತವೆ, ಅದರಿಂದ ಗೊತ್ತಾಗುವುದಿಲ್ಲ. ಕೈಯಲ್ಲಿ ಹಿಡಿದರೆ ಡೆಲ್ರಿನ್ ಸ್ವಲ್ಪ ಭಾರ. ಕಟ್ ಮಾಡುವಾಗ ಡೆಲ್ರಿನ್ ಚೂರು ನೀಟಾಗಿ ಬಿಟ್ಟುಕೊಳ್ಳುತ್ತದೆ, ನೈಲಾನ್ ನೂಲಿನ ಹಾಗೆ ಸುತ್ತಿಕೊಳ್ಳುತ್ತದೆ.

ಬೆಳಗಾವಿ_ಮಷಿನ್‌ಶಾಪ್

ನಮಸ್ಕಾರ್ರಿ. ಉದ್ಯಮಬಾಗದಲ್ಲಿ ನಮ್ಮದು ಚಿಕ್ಕ ಜಾಬ್ ವರ್ಕ್ ಶಾಪ್. ಅಪ್ಪನ ನಂತರ ನಾನೇ ನೋಡಿಕೊಳ್ಳುತ್ತೇನೆ.

ಡೆಲ್ರಿನ್ ಒಳ್ಳೆಯದೇ. ಆದರೆ ಸೈಲೆನ್ಸರ್ ಪೈಪ್ ಹತ್ತಿರ ಇರುವ ಜಾಯಿಂಟ್‌ಗೆ ಪ್ಲಾಸ್ಟಿಕ್ ಬೇಡ. ಬಿಸಿಗೆ ಪ್ಲಾಸ್ಟಿಕ್ ಸ್ಟೀಲ್‌ಗಿಂತ ಎಷ್ಟೋ ಪಟ್ಟು ಜಾಸ್ತಿ ಹಿಗ್ಗುತ್ತದೆ. ಅಲ್ಲಿಗೆ ಗನ್‌ಮೆಟಲ್ ಅಥವಾ ಫಾಸ್ಫರ್ ಬ್ರಾಂಜ್ (ಎರಡೂ ತಾಮ್ರದ ಮಿಶ್ರಲೋಹ) ಹಾಕಿ, ಗ್ರೀಸ್‌ಗೆ ಒಂದು ಚಿಕ್ಕ ತೂತು ಕೊಡಿ.

ಗನ್‌ಮೆಟಲ್ ಮೊದಲ ಸಲ ಮಾಡುವವರಿಗೆ ಒಂದು ಎಚ್ಚರಿಕೆ. ಸ್ಟೀಲ್‌ಗೆ ಅಂತ ಚೂಪು ಮಾಡಿದ ಡ್ರಿಲ್ ಹಾಕಿದರೆ ಅದು ಒಮ್ಮೆಲೇ ಕಚ್ಚಿ ಒಳಗೆ ಎಳೆದುಕೊಳ್ಳುತ್ತದೆ. ಜಾಬ್ ಚಕ್‌ನಲ್ಲಿ ತಿರುಗಿಬಿಡುತ್ತದೆ ಅಥವಾ ಡ್ರಿಲ್ ಮುರಿಯುತ್ತದೆ. ಡ್ರಿಲ್‌ನ ಎರಡೂ ಕಟಿಂಗ್ ಅಂಚಿನ ಮುಂಭಾಗವನ್ನು ಆಯಿಲ್ ಸ್ಟೋನ್‌ನಲ್ಲಿ ಸ್ವಲ್ಪ ಉಜ್ಜಿ ಚಪ್ಪಟೆ ಮಾಡಿ. ಕೂದಲೆಳೆ ಅಗಲದ ಒಂದು ಹೊಳಪು ಪಟ್ಟಿ ಕಂಡರೆ ಸಾಕು. ಆಮೇಲೆ ಕಚ್ಚುವುದಿಲ್ಲ. ಟರ್ನಿಂಗ್ ಟೂಲ್‌ಗೂ ಮೇಲ್ಭಾಗ ಇಳಿಜಾರು ಬೇಡ, ಸಮತಟ್ಟಾಗಿ ಇರಲಿ.

ಸ್ಪೀಡ್ ಲೆಕ್ಕ: ಎಚ್‌ಎಸ್‌ಎಸ್ (ಹೈ ಸ್ಪೀಡ್ ಸ್ಟೀಲ್) ಟೂಲ್‌ಗೆ ನಿಮಿಷಕ್ಕೆ 30 ಮೀಟರ್ ಅಂತ ಇಟ್ಟುಕೊಳ್ಳಿ. 20 ಮಿ.ಮೀ. ರಾಡ್ ಆದರೆ ಸುಮಾರು 480 ಆರ್‌ಪಿಎಂ. ನಿಮ್ಮ ಲೇತ್‌ನಲ್ಲಿ ಅದರ ಹತ್ತಿರದ, ಸ್ವಲ್ಪ ಕಡಿಮೆ ಸ್ಪೀಡ್ ಹಾಕಿ.

ಜಿಪ್ಸಿ_ಮಲೆನಾಡು

ಈ ಚರ್ಚೆ ನೋಡಿ ನನಗೂ ಹುಮ್ಮಸ್ಸು ಬಂತು. ನನ್ನ ಜಿಪ್ಸಿಗೆ 25 ಮಿ.ಮೀ. ವೀಲ್ ಸ್ಪೇಸರ್ ಬೇಕು, ಅಂದರೆ ಚಕ್ರಕ್ಕೂ ಹಬ್‌ಗೂ ನಡುವೆ ಹಾಕುವ ತಟ್ಟೆ. ಗಾಡಿ ಅಗಲವಾಗಿ ನಿಂತರೆ ನೋಡಲೂ ಚೆಂದ, ತಿರುವಿನಲ್ಲೂ ಗಟ್ಟಿ. 5×139.7 ಪಿಸಿಡಿ, ಅಂದರೆ 139.7 ಮಿ.ಮೀ. ವ್ಯಾಸದ ವೃತ್ತದ ಮೇಲೆ ಐದು ತೂತು. ಗೆಳೆಯನ ಹತ್ತಿರ ಲೇತ್ ಇದೆ, ಗುಜರಿಯಲ್ಲಿ ದಪ್ಪ ಅಲ್ಯೂಮಿನಿಯಂ ತಟ್ಟೆ ಸಿಕ್ಕಿದೆ. ತೂತು ಡ್ರಿಲ್ಲಿಂಗ್ ಮಷಿನ್‌ನಲ್ಲಿ ಹಾಕಿಕೊಳ್ಳುತ್ತೇವೆ. ಯಾರಾದರೂ ಮಾಡಿದ್ದೀರಾ?

ಪೀಣ್ಯ_ಫಿಟ್ಟರ್

ಬೇಡ. ದಯವಿಟ್ಟು ಬೇಡ.

ಗುಜರಿಯ ಅಲ್ಯೂಮಿನಿಯಂ ಯಾವ ಗ್ರೇಡ್ ಅಂತ ನಿಮಗೆ ಗೊತ್ತಿಲ್ಲ. 6061-ಟಿ6ನಂಥ ಗಟ್ಟಿ ಗ್ರೇಡ್ ಇರಬಹುದು, ಪಾತ್ರೆ ಮಾಡುವ ಮೆತ್ತನೆ ಅಲ್ಯೂಮಿನಿಯಂ ಕೂಡ ಇರಬಹುದು. ಕಣ್ಣಿಗೆ ಎರಡೂ ಒಂದೇ. ಮೆತ್ತನೆಯದಾದರೆ ನಟ್ ಬಿಗಿ ಮಾಡಿದ ಜಾಗ ದಿನಾ ಸ್ವಲ್ಪ ಸ್ವಲ್ಪ ಕುಸಿಯುತ್ತದೆ, ನಟ್ ಸಡಿಲ ಆಗುತ್ತದೆ. ಡ್ರಿಲ್ಲಿಂಗ್ ಮಷಿನ್‌ನಲ್ಲಿ ಕೈಯಲ್ಲಿ ಗುರುತು ಹಾಕಿ ಐದು ತೂತು ಹಾಕಿದರೆ ಐದೂ ಸರಿಯಾದ ವೃತ್ತದ ಮೇಲೆ ಬೀಳುವುದಿಲ್ಲ. ಬಿದ್ದರೂ ವೀಲ್ ಬೇರಿಂಗ್ ಮೇಲೆ ಬೀಳುವ ಭಾರ ಜಾಸ್ತಿ ಆಗುತ್ತದೆ.

ಉಡುಪಿ_ಗೇರ್

ಇದಕ್ಕೆ ನಾನೇ ಸಾಕ್ಷಿ. ಹಿಂದೆ ಒಂದು ಗಾಡಿಗೆ 10 ಮಿ.ಮೀ.ನ ಬರೀ ತಟ್ಟೆಯಂಥ ಸ್ಪೇಸರ್ ಹಾಕಿಸಿದ್ದೆ. ಸ್ಟಡ್ ಹಳೆಯದೇ. ಆಗ ಲೆಕ್ಕ ಹಾಕಲಿಲ್ಲ. ಎಂ12×1.25 (12 ಮಿ.ಮೀ. ದಪ್ಪ, ಒಂದು ಸುತ್ತಿಗೆ 1.25 ಮಿ.ಮೀ.) ಸ್ಟಡ್‌ನಲ್ಲಿ 10 ಮಿ.ಮೀ. ಅಂದರೆ 8 ಸುತ್ತು ಥ್ರೆಡ್. ನಟ್‌ಗೆ ಸಿಗಬೇಕಾದ ಎಂಟು ಸುತ್ತನ್ನು ಸ್ಪೇಸರ್ ತಿಂದುಬಿಟ್ಟಿತ್ತು. ನಟ್ ಹಿಡಿದಿದ್ದು ನಾಲ್ಕು ಸುತ್ತಿನಲ್ಲಿ ಇರಬೇಕು. 12 ಮಿ.ಮೀ. ಸ್ಟಡ್‌ಗೆ ಕನಿಷ್ಠ 12 ಮಿ.ಮೀ. ಹಿಡಿತ ಬೇಕು.

ಸಕಲೇಶಪುರ ದಾಟಿ ಘಾಟಿ ಇಳಿಯುವಾಗ ಸ್ಟೀರಿಂಗ್ ಸಣ್ಣಗೆ ನಡುಗಲು ಶುರುವಾಯಿತು. ಹೆಂಡತಿ ಏನೋ ಶಬ್ದ ಬರುತ್ತಿದೆ ಅಂದಳು. ನಿಲ್ಲಿಸಿ ನೋಡಿದರೆ ಮುಂದಿನ ಎಡ ಚಕ್ರದಲ್ಲಿ ಎರಡು ಸ್ಟಡ್ ಮುರಿದಿದ್ದವು, ಉಳಿದ ನಟ್‌ಗಳನ್ನು ಕೈಯಲ್ಲೇ ತಿರುಗಿಸಬಹುದಿತ್ತು. ಹಿಂದಿನ ಸೀಟಿನಲ್ಲಿ ಮಕ್ಕಳು ಮಲಗಿದ್ದರು. ಆ ದಿನ ನೆನಪಾದರೆ ಈಗಲೂ ಕೈ ತಣ್ಣಗಾಗುತ್ತದೆ.

ಜಿಪ್ಸಿ_ಮಲೆನಾಡು

ಅಣ್ಣ, ನನ್ನದು ಅಂಥದ್ದಲ್ಲ. 25 ಮಿ.ಮೀ.ದಕ್ಕೆ ಅದರದೇ ಸ್ಟಡ್ ಇರುತ್ತದೆ. ಹೊರದೇಶದಲ್ಲಿ ಎಷ್ಟೋ ಜನ ಹಾಕುತ್ತಾರಲ್ವಾ?

ಸ್ಟುಟ್‌ಗಾರ್ಟ್_ಕನ್ನಡಿಗ

ನಾನು ಇರುವುದು ಜರ್ಮನಿಯಲ್ಲಿ, ಇಲ್ಲಿನದು ಹೇಳುತ್ತೇನೆ. ಇಲ್ಲಿ ಸ್ಪೇಸರ್ ಹಾಕುತ್ತಾರೆ, ನಿಜ. ಆದರೆ ಪರೀಕ್ಷೆ ಆಗಿ ಕಾಗದ ಇರುವ ಪಾರ್ಟ್ ಮಾತ್ರ. ಎಷ್ಟೋ ಸಲ ಗಾಡಿಯನ್ನು ಟಿಯುವಿ ಥರದ ಪರೀಕ್ಷಾ ಕೇಂದ್ರಕ್ಕೆ ತೆಗೆದುಕೊಂಡು ಹೋಗಿ, ಅವರು ನೋಡಿ ಬರೆದುಕೊಡಬೇಕು. ಮನೆಯಲ್ಲಿ ಟರ್ನ್ ಮಾಡಿದ ಸ್ಪೇಸರ್ ಹಾಕಿಕೊಂಡು ರಸ್ತೆಗೆ ಇಳಿದರೆ ಗಾಡಿಗೆ ಓಡಿಸುವ ಅನುಮತಿಯೇ ಹೋಗಬಹುದು. ನನ್ನ ಸಹೋದ್ಯೋಗಿಯ ಮನೆಯಲ್ಲಿ ಸೊಗಸಾದ ಲೇತ್, ಮಿಲ್ಲಿಂಗ್ ಎರಡೂ ಇದೆ. ಹಳೆ ಕಾರಿಗೆ ನಾಬ್, ಬ್ರಾಕೆಟ್, ಬುಷ್ ಎಲ್ಲಾ ಮಾಡುತ್ತಾನೆ. ಚಕ್ರ, ಬ್ರೇಕ್, ಸ್ಟೀರಿಂಗ್ ಮುಟ್ಟುವುದಿಲ್ಲ.

ಹಾಸನ_ವಕೀಲ

ನಮ್ಮ ಕಾನೂನಿನ ವಿಷಯ ಚಿಕ್ಕದಾಗಿ ಹೇಳುತ್ತೇನೆ. ಮೋಟಾರು ವಾಹನ ಕಾಯ್ದೆ 1988ರ ಸೆಕ್ಷನ್ 52ರ ಪ್ರಕಾರ ತಯಾರಕರು ಕೊಟ್ಟ ಮೂಲ ವಿವರಕ್ಕೆ ವಿರುದ್ಧವಾಗಿ ಗಾಡಿಯನ್ನು ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಮತ್ತೆ ಗಟ್ಟಿಯಾಗಿ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಸೆಕ್ಷನ್ 182ಎ ಬಂತು. ಅನುಮತಿ ಇಲ್ಲದ ಒಂದೊಂದು ಬದಲಾವಣೆಗೂ ಮಾಲೀಕರಿಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ.

ಸವೆದ ಬುಷ್ ತೆಗೆದು ಅದೇ ಅಳತೆಯ ಹೊಸ ಬುಷ್ ಹಾಕುವುದು ರಿಪೇರಿ. ಚಕ್ರವನ್ನು ಹೊರಗೆ ತಳ್ಳುವುದು ಬದಲಾವಣೆ. ಈ ಎರಡಕ್ಕೂ ತುಂಬಾ ವ್ಯತ್ಯಾಸ ಇದೆ.

ಜಿಪ್ಸಿ_ಮಲೆನಾಡು

ಸರಿ, ಸ್ಪೇಸರ್ ಕೈಬಿಟ್ಟೆ. ಅಣ್ಣನ ಘಾಟಿ ಕಥೆ ಓದಿ ರಾತ್ರಿ ನಿದ್ದೆ ಬರಲಿಲ್ಲ, ನಮ್ಮದೂ ಅದೇ ರಸ್ತೆ. ಅದೇ ತಟ್ಟೆಯಲ್ಲಿ ಜೆರ್ರಿಕ್ಯಾನ್ ಹಿಡಿಸುವ ಬ್ರಾಕೆಟ್ ಮಾಡುತ್ತೇನೆ.

ಹರಿಹರದ_ಟರ್ನರ್

ಒಳ್ಳೆ ಕೆಲಸ ಮಾಡಿದಿರಿ. ನಾನು ಹುಡುಗರಿಗೆ ಹೇಳುತ್ತಿದ್ದಿದ್ದು ಒಂದೇ. ಜಾಬ್ ಹಿಡಿಯುವ ಮೊದಲು, ಇದು ಓಡುವಾಗ ಮುರಿದರೆ ಏನಾಗುತ್ತದೆ ಅಂತ ಕೇಳಿಕೊಳ್ಳಿ. ಗೇರ್ ಬೀಳದೆ ಗಾಡಿ ನಿಂತರೆ ಟೋ ಮಾಡಿಸಬಹುದು. ಬಾಲ್ ಜಾಯಿಂಟ್, ಟೈ ರಾಡ್, ಬ್ರೇಕಿನ ಯಾವುದೇ ಪಾರ್ಟ್ ಮುರಿದರೆ ಗಾಡಿ ನಿಲ್ಲುವುದಿಲ್ಲ. ಅವುಗಳನ್ನು ಫೋರ್ಜ್ ಮಾಡಿ, ಹೀಟ್ ಟ್ರೀಟ್‌ಮೆಂಟ್ ಮಾಡಿ, ಬಿರುಕು ಇದೆಯಾ ಅಂತ ಪರೀಕ್ಷೆ ಮಾಡಿ ಕಳಿಸುತ್ತಾರೆ. ನಮ್ಮ ಶೆಡ್‌ನಲ್ಲಿ ಅದು ಯಾವುದೂ ಇಲ್ಲ.

ಹುಬ್ಬಳ್ಳಿ_ಕಾಂಟೆಸ್ಸಾ

ಮನೆಯಲ್ಲಿ ಮಾಡಬಹುದಾದ ಇನ್ನೊಂದು ಕೆಲಸ ಹೇಳುತ್ತೇನೆ. ನನ್ನ ಕಾಂಟೆಸ್ಸಾದ ಹಿಂದಿನ ಮಾಲೀಕರು ರೇಡಿಯೇಟರ್‌ಗೆ ಕೂಲಂಟ್ ಹಾಕದೆ ವರ್ಷಾನುಗಟ್ಟಲೆ ಬೋರ್‌ವೆಲ್ ನೀರು ಹಾಕಿದ್ದರು. ಅಲ್ಯೂಮಿನಿಯಂ ವಾಟರ್ ಔಟ್‌ಲೆಟ್‌ನ ಮೂತಿ ಒಳಗಿನಿಂದ ಗೆದ್ದಲು ತಿಂದ ಹಾಗೆ ಆಗಿತ್ತು. ಹೋಸ್ ಕ್ಲ್ಯಾಂಪ್ ಬಿಗಿ ಮಾಡಿದಾಗ ಪುಡಿಯಾಗಿ ಉದುರಿತು.

ಮೂತಿಯನ್ನು ಗಟ್ಟಿ ಲೋಹ ಇರುವವರೆಗೆ ಕತ್ತರಿಸಿದೆ. 6061ರಲ್ಲಿ ಹೊಸ ಮೂತಿ ಟರ್ನ್ ಮಾಡಿ, ಹೊರಗೆ ಟಿಗ್ ವೆಲ್ಡ್ ಮಾಡಿಸಿದೆ. ಎರಡು ವಿಷಯ ಮರೆಯಬೇಡಿ. ಮೂತಿಯ ತುದಿಯಲ್ಲಿ ಸುತ್ತಲೂ ಒಂದು ಸಣ್ಣ ಉಬ್ಬು ಬಿಡಿ, ಇಲ್ಲದಿದ್ದರೆ ಬಿಸಿಯಾಗಿ ಪ್ರೆಶರ್ ಬಂದಾಗ ಹೋಸ್ ಜಾರಿ ಹೊರಗೆ ಬರುತ್ತದೆ. ಎರಡನೆಯದು, ವೆಲ್ಡಿಂಗ್ ಬಿಸಿಗೆ ಫ್ಲ್ಯಾಂಜ್ ಸೊಟ್ಟ ಆಗುತ್ತದೆ. ದಪ್ಪ ಗಾಜಿನ ಮೇಲೆ 220 ನಂಬರ್ ಎಮರಿ ಪೇಪರ್ ಅಂಟಿಸಿ, ಫ್ಲ್ಯಾಂಜನ್ನು ಎಂಟರ ಆಕಾರದಲ್ಲಿ ಉಜ್ಜಿ. ಮೊದಲೇ ಮಾರ್ಕರ್‌ನಲ್ಲಿ ಗೀಟು ಹಾಕಿಕೊಂಡರೆ ಎಲ್ಲಿ ತಗ್ಗಿದೆ ಅಂತ ಕಾಣುತ್ತದೆ. ಗೀಟು ಪೂರ್ತಿ ಹೋಗುವವರೆಗೆ ಬಿಡಬೇಡಿ. ನನಗೆ ನಲವತ್ತು ನಿಮಿಷ ಹಿಡಿಯಿತು.

ಬೆಳಗಾವಿ_ಮಷಿನ್‌ಶಾಪ್

ಚಲೋ ಮಾಡಿದಿರಿ. ಅಲ್ಯೂಮಿನಿಯಂ ಬಿಸಿ ಇರುವಾಗಲೇ ಅಳೆಯಬೇಡಿ ಅಂತ ಒಂದು ಮಾತು ಸೇರಿಸುತ್ತೇನೆ. 50 ಮಿ.ಮೀ. ಜಾಬ್ 40 ಡಿಗ್ರಿ ಜಾಸ್ತಿ ಬಿಸಿಯಾದರೆ 0.046 ಮಿ.ಮೀ. ಹಿಗ್ಗಿರುತ್ತದೆ. ನಮ್ಮ ಹುಡುಗ ಒಬ್ಬ ಬಿಸಿಯಲ್ಲೇ ಅಳೆದು ಸೈಜ್ ಬಂತು ಅಂತ ತೆಗೆದಿಟ್ಟ. ಚಹಾ ಕುಡಿದು ಬಂದು ನೋಡಿದರೆ ಅಂಡರ್‌ಸೈಜ್. ಕೈಯಲ್ಲಿ ಹಿಡಿದರೆ ತಣ್ಣಗೆ ಅನ್ನಿಸಬೇಕು, ಆಮೇಲೆ ಕೊನೆಯ ಕಟ್.

ಹಳೆಪದ್ಮಿನಿ_ಮೈಸೂರು

ಎರಡು ತಿಂಗಳ ನಂತರ ಬರೆಯುತ್ತಿದ್ದೇನೆ. ಮೇಟಗಳ್ಳಿಯಲ್ಲಿ ಒಂದು ವರ್ಕ್‌ಶಾಪ್ ಮುಚ್ಚುತ್ತಿದ್ದರು. ಹಳೆ 4.5 ಅಡಿ ಲೇತ್ ಸಿಕ್ಕಿತು. ಹೇಳಿದ ಹಾಗೆ ಲಾಕ್ ಟೆಸ್ಟ್ ಮಾಡಿದೆ, ಚಕ್ ಹತ್ತಿರ ಸ್ವಲ್ಪ ಸವೆದಿದೆ, ಆದರೆ ಬುಷ್ ಉದ್ದದ ಕೆಲಸಕ್ಕೆ ತೊಂದರೆ ಇಲ್ಲ. ಮೋಟಾರ್ ಡೆಲ್ಟಾಗೆ ಬದಲಾಯಿಸಿ ವಿಎಫ್‌ಡಿ ಹಾಕಿದ್ದೇನೆ.

ಪಿನ್ ಮೂರನೇ ಪ್ರಯತ್ನಕ್ಕೆ 11.98 ಬಂತು. ಗನ್‌ಮೆಟಲ್ ಬುಷ್ ಕೂಡ ಮಾಡಿದೆ. ಹೊರಗೆ 18.07, ಒಳಗೆ 12.01. ಪ್ರೆಸ್ ಮಾಡುವ ಮೊದಲು ಪಿನ್ ಸಲೀಸಾಗಿ ಆಡುತ್ತಿತ್ತು. ಲಿವರ್‌ಗೆ ಪ್ರೆಸ್ ಮಾಡಿದ ಮೇಲೆ ಪಿನ್ ಒಳಗೆ ಹೋಗುತ್ತಲೇ ಇಲ್ಲ! ಏನು ತಪ್ಪಾಯಿತು?

ಹರಿಹರದ_ಟರ್ನರ್

ತಪ್ಪೇನೂ ಇಲ್ಲ. 18.03 ತೂತಿಗೆ 18.07 ಬುಷ್ ಬಿಗಿಯಾಗಿ ಕೂತಾಗ ಆ 0.04 ಎಲ್ಲಿಗೆ ಹೋಗಬೇಕು? ಹೆಚ್ಚಿನ ಪಾಲು ಒಳಗೇ ಬರುತ್ತದೆ. ನಿಮ್ಮ 12.01 ಈಗ 11.97, 11.98ರ ಹತ್ತಿರ ಇರುತ್ತದೆ. ಅದಕ್ಕೇ ಬುಷ್‌ನ ಒಳ ಅಳತೆಯನ್ನು ಯಾವಾಗಲೂ ಪ್ರೆಸ್ ಮಾಡಿದ ಮೇಲೆ ಮುಗಿಸುವುದು.

12 ಮಿ.ಮೀ. ಎಚ್7 ರೀಮರ್ (ತೂತನ್ನು ನಿಖರ ಅಳತೆಗೆ ತರುವ ಟೂಲ್) ತನ್ನಿ. ಅದು 12.000ರಿಂದ 12.018 ಒಳಗೆ ತೂತು ಕೊಡುತ್ತದೆ. ನಿಮ್ಮ 11.98 ಪಿನ್‌ಗೆ ಎರಡರಿಂದ ನಾಲ್ಕು ನೂರಂಶ ಗ್ಯಾಪ್ ಸಿಗುತ್ತದೆ. ಗ್ರೀಸ್ ನಿಲ್ಲಲು ಅಷ್ಟು ಬೇಕು. ಕೈಯಲ್ಲೇ ತಿರುಗಿಸಿ, ನಿಧಾನಕ್ಕೆ. ಹಿಂದಕ್ಕೆ ಮಾತ್ರ ಎಂದೂ ತಿರುಗಿಸಬೇಡಿ, ಅಂಚು ಹಾಳಾಗುತ್ತದೆ. ಹೊರಗೆ ತೆಗೆಯುವಾಗಲೂ ಮುಂದಕ್ಕೇ ತಿರುಗಿಸುತ್ತಾ ಎಳೆಯಿರಿ.

ಮುಂದಿನ ಬುಷ್‌ಗೆ ಒಳಗೆ 11.9 ಬಿಟ್ಟು ಪ್ರೆಸ್ ಮಾಡಿ, ಆಮೇಲೆ ರೀಮರ್. ಒಳಗೂ ಹೊರಗೂ ಒಂದೇ ಸೆಟ್ಟಿಂಗ್‌ನಲ್ಲಿ ಟರ್ನ್ ಮಾಡಿ. ಚಕ್‌ನಿಂದ ತೆಗೆದು ತಿರುಗಿಸಿ ಹಿಡಿದರೆ ತ್ರೀ ಜಾ ಚಕ್ ಮತ್ತೆ ಅದೇ ಸೆಂಟರ್‌ಗೆ ಹಿಡಿಯುವುದಿಲ್ಲ. ಸುತ್ತಿಗೆಯಲ್ಲಿ ಹೊಡೆದು ಕೂರಿಸಬೇಡಿ. ಉದ್ದ ಬೋಲ್ಟ್, ಎರಡು ದಪ್ಪ ವಾಷರ್, ಒಂದು ನಟ್ ಸಾಕು, ಬಿಗಿ ಮಾಡುತ್ತಾ ಹೋದರೆ ನೆಟ್ಟಗೆ ಎಳೆದುಕೊಳ್ಳುತ್ತದೆ.

ಪಿನ್‌ಗೆ ಮೂರು ಸಲ ಯಾಕಾಯಿತು?

ಹಳೆಪದ್ಮಿನಿ_ಮೈಸೂರು

ಕೊನೆಯ ಕಟ್‌ನಲ್ಲಿ ಟೂಲ್ ಕೆಲವು ಸಲ ಉಜ್ಜುತ್ತಿತ್ತು, ಕೆಲವು ಸಲ ಒಮ್ಮೆಲೇ ಒಳಗೆ ಹೋಗುತ್ತಿತ್ತು ಸರ್.

ಹರಿಹರದ_ಟರ್ನರ್

ಟೂಲ್ ಸೆಂಟರ್ ಹೈಟ್‌ನಲ್ಲಿ ಇಲ್ಲ. ಮಷಿನ್ ನಿಲ್ಲಿಸಿ, ರಾಡ್‌ಗೂ ಟೂಲ್ ತುದಿಗೂ ನಡುವೆ ಆರು ಇಂಚಿನ ತೆಳು ಸ್ಟೀಲ್ ಸ್ಕೇಲ್ ಇಟ್ಟು ಮೆಲ್ಲಗೆ ಒತ್ತಿ. ಸ್ಕೇಲ್ ನೆಟ್ಟಗೆ ನಿಂತರೆ ಸರಿ. ಮೇಲ್ತುದಿ ನಿಮ್ಮ ಕಡೆ ವಾಲಿದರೆ ಟೂಲ್ ಕೆಳಗಿದೆ. ಆ ಕಡೆ ವಾಲಿದರೆ ಮೇಲಿದೆ. ಕೆಳಗೆ ತೆಳು ತಗಡಿನ ಚೂರು ಇಟ್ಟು ಸರಿ ಮಾಡಿಕೊಳ್ಳಿ. ಇನ್ನೊಂದು, ಡಯಲನ್ನು ಹಿಂದಕ್ಕೆ ತಿರುಗಿಸಿ ಅಲ್ಲೇ ನಿಲ್ಲಿಸಬೇಡಿ. ಅರ್ಧ ಸುತ್ತು ಹಿಂದೆ ಹೋಗಿ, ಮತ್ತೆ ಮುಂದಕ್ಕೆ ಬಂದು ಸೈಜ್ ಹಿಡಿಯಿರಿ. ಹಳೆ ಸ್ಕ್ರೂನಲ್ಲಿ ಆಟ ಇದ್ದೇ ಇರುತ್ತದೆ.

ಬೆಳಗಾವಿ_ಮಷಿನ್‌ಶಾಪ್

ಮನೆಯಲ್ಲಿ ಒಬ್ಬರೇ ಕೆಲಸ ಮಾಡುವವರು ಇದನ್ನು ಓದಲೇಬೇಕು. ಲೇತ್ ಮುಂದೆ ಗ್ಲೌಸ್ ಬೇಡ. ಲುಂಗಿ, ಶಾಲು, ಉದ್ದ ತೋಳಿನ ಅಂಗಿ ಬೇಡ. ಕೈಗೆ ಕಟ್ಟಿದ ದೇವರ ದಾರ, ಕೊರಳ ಸರ ತೆಗೆದಿಡಿ. ನಾನು ಮಂಗಳಸೂತ್ರವನ್ನು ಕುರ್ತಾ ಒಳಗೆ ಹಾಕಿ ಮೇಲೆ ಏಪ್ರನ್ ಕಟ್ಟುತ್ತೇನೆ. ಚಕ್ ಕೀ ಕೈಯಿಂದ ಬಿಡುವುದಾದರೆ ಅದರ ಜಾಗದಲ್ಲೇ ಬಿಡಬೇಕು, ಚಕ್‌ನಲ್ಲಲ್ಲ. ಉದ್ದುದ್ದ ಸುರುಳಿ ಚೂರು ಬಂದರೆ ಕೈಯಲ್ಲಿ ಎಳೆಯಬೇಡಿ, ಮಷಿನ್ ನಿಲ್ಲಿಸಿ ಕೊಕ್ಕೆಯಲ್ಲಿ ತೆಗೆಯಿರಿ. ನಮ್ಮಲ್ಲಿ ಒಬ್ಬ ಹಳೆ ಟರ್ನರ್ ಕಾಕಾಗೆ ಎಡಗೈಯ ಎರಡು ಬೆರಳು ಇಲ್ಲ. ಅವರ ಕೈಯಲ್ಲಿ ದಾರ ಇತ್ತು.

ಮಷಿನ್ ಓಡುವಾಗ ಮನೆಯಲ್ಲಿ ಯಾರಿಗಾದರೂ ಹೇಳಿ ಶೆಡ್‌ಗೆ ಹೋಗಿ.

ಹಳೆಪದ್ಮಿನಿ_ಮೈಸೂರು

ಅಕ್ಕ, ನಿಮ್ಮ ಮಾತು ಓದಿ ಅವತ್ತೇ ಕೈಯ ದಾರ ಬಿಚ್ಚಿ ದೇವರ ಮನೆಯಲ್ಲಿಟ್ಟೆ. ಈಗ ಸ್ಟಾಪ್ ಸ್ವಿಚ್ ಕೂಡ ಮಂಡಿಯಿಂದ ಒತ್ತುವ ಹಾಗೆ ಕೆಳಗೆ ಹಾಕಿಸಿದ್ದೇನೆ.

ರೀಮರ್ ಹಾಕಿದೆ. ಮೊದಲು ಗಟ್ಟಿಯಾಗಿತ್ತು, ಆಮೇಲೆ ಹಿತ್ತಾಳೆ ಬಣ್ಣದ ಸಣ್ಣ ಪುಡಿ ಬರುತ್ತಾ ಬರುತ್ತಾ ಹಗುರವಾಯಿತು. ಪಿನ್‌ಗೆ ಎಣ್ಣೆ ಹಚ್ಚಿ ಬಿಟ್ಟರೆ ತನ್ನ ಭಾರಕ್ಕೇ ನಿಧಾನವಾಗಿ ಒಳಗೆ ಇಳಿಯಿತು. ಕೆಳಗಿನಿಂದ ಹೆಬ್ಬೆರಳಲ್ಲಿ ತೂತು ಮುಚ್ಚಿದರೆ ಅರ್ಧದಲ್ಲೇ ನಿಂತಿತು. ಗಾಳಿ ಹೋಗಲೂ ಜಾಗ ಇರಲಿಲ್ಲ. ಎಷ್ಟು ಹೊತ್ತು ಅದನ್ನೇ ಮಾಡುತ್ತಾ ಕೂತಿದ್ದೆನೋ ಗೊತ್ತಿಲ್ಲ.

ಭಾನುವಾರ ಫಿಟ್ ಮಾಡಿದೆವು. ಅಪ್ಪ ಡ್ರೈವರ್ ಸೀಟಲ್ಲಿ ಕೂತು ಇಂಜಿನ್ ಹಾಕದೆ ಗೇರ್ ಬದಲಾಯಿಸುತ್ತಾ ಹೋದರು. ನಾನು ಕೆಳಗೆ ಮಲಗಿ ಬ್ಯಾಟರಿ ಹಿಡಿದು ನೋಡುತ್ತಿದ್ದೆ. ಎರಡನೇ ಗೇರ್ ಹಾಕಿದಾಗ ಹೊಸ ಬುಷ್ ಇರುವ ಲಿವರ್ ಕೈ ಅಲ್ಲಾಡಿಸಿದ ತಕ್ಷಣ ಅಲ್ಲಾಡುತ್ತದೆ. ಅದರ ಪಕ್ಕದ್ದು ಮಾತ್ರ ಇನ್ನೂ ಯೋಚನೆ ಮಾಡಿಕೊಂಡು ಹೊರಡುತ್ತದೆ. ಅಪ್ಪ ಮೇಲಿನಿಂದ, ಇನ್ನೂ ಒಂದು ಜಾಯಿಂಟ್ ಉಳಿದಿದೆ ಅಲ್ವಾ ಅಂತ ಕೇಳಿದರು. ಅವರಿಗೆ ಕೈಯಲ್ಲೇ ಗೊತ್ತಾಗಿತ್ತು.

ಗನ್‌ಮೆಟಲ್ ರಾಡ್ ಇನ್ನೂ 60 ಮಿ.ಮೀ. ಇದೆ. ಈ ವಾರ ಅದನ್ನೂ ಮಾಡುತ್ತೇನೆ. ಅಳತೆ ಅದೇ ಅಲ್ವಾ?

ಹರಿಹರದ_ಟರ್ನರ್

ಅದೇ ಅಂತ ಅಂದುಕೊಳ್ಳಬೇಡಿ ತಮ್ಮ. ಆ ಪಿನ್ ಬಿಚ್ಚಿ, ಒರೆಸಿ, ಎರಡು ಕಡೆಯಿಂದ ಅಳೆದು ಇಲ್ಲಿ ಬರೆಯಿರಿ. ಲಿವರ್ ತೂತಿನದೂ ಬರೆಯಿರಿ. ಆಮೇಲೆ ರಾಡ್ ಕತ್ತರಿಸೋಣ.